ತಬ್ಯೇತ ಮತ್ತು ಅವ್ವನ ಕಲ್ಲು

ನನ್ನ ಬರೆಯುವ ಮೇಜಿನ ಮೇಲೆ ಒಂದು ಕಲ್ಲಿದೆ. ಅಂಗೈಯಷ್ಟು ಅಗಲ, ಕಪ್ಪು ಬಣ್ಣ, ಮೈತುಂಬ ಸಣ್ಣ ಸಣ್ಣ ತೂತು. ಫ್ಯಾನಿನ ಗಾಳಿಗೆ ಕಾಗದ ಹಾರದಿರಲೆಂದು ಇಟ್ಟುಕೊಂಡಿದ್ದೇನೆ. ಮನೆಗೆ ಬಂದವರು ಅದನ್ನು ಕೈಗೆತ್ತಿಕೊಳ್ಳದೆ ಇರುವುದಿಲ್ಲ. ಹೋದ ವಾರ ಬಂದಿದ್ದ ಹಿರಿಯರೊಬ್ಬರು ಕಣ್ಣಿಗೇ ಒತ್ತಿಕೊಂಡರು.

“ಶ್ರೀಶೈಲದಿಂದ ತಂದದ್ದೇನ್ರಿ?”

“ಇಲ್ಲ್ರಿ, ಬಚ್ಚಲದಿಂದ.”

ಅವರು ಕಲ್ಲನ್ನು ಮೆಲ್ಲಗೆ ಕೆಳಗಿಟ್ಟು ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ನಾನು ಸುಳ್ಳು ಹೇಳಿರಲಿಲ್ಲ. ಅದು ನಮ್ಮವ್ವನ ಮೈ ತಿಕ್ಕುವ ಕಲ್ಲು. ಬಚ್ಚಲದಲ್ಲಿರಬೇಕಾದದ್ದು ಮೇಜಿಗೆ ಹೇಗೆ ಬಂತೆಂದು ಹೇಳಬೇಕಾದರೆ ನನ್ನ ಕುತ್ತಿಗೆಯಿಂದಲೇ ಶುರು ಮಾಡಬೇಕು.

ಕುಂದಗೋಳದ ನಮ್ಮ ಮನೆಯಲ್ಲಿ ಭಾನುವಾರದ ಜಳಕವೆಂದರೆ ಶಿಕ್ಷೆ. ಹಂಡೆಯ ಕೆಳಗೆ ಉರಿ ಹತ್ತಿದ ವಾಸನೆ ಬಂದ ಕೂಡಲೇ ನಾನು ಹಿತ್ತಲ ಬಾಗಿಲಿನಿಂದ ಓಡುತ್ತಿದ್ದೆ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಶಾಂತಕ್ಕ ಬೆನ್ನಟ್ಟಿ ಹಿಡಿದು ತರುತ್ತಿದ್ದಳು. ಅವ್ವ ಎಡಗೈಯಿಂದ ನನ್ನ ತಲೆ ಬಗ್ಗಿಸಿ, ಬಲಗೈಯಲ್ಲಿ ಈ ಕಲ್ಲು ಹಿಡಿದು ಕುತ್ತಿಗೆ ತಿಕ್ಕುವಳು. “ಇಷ್ಟು ಎರಿ ಮಣ್ಣು ಹೊತ್ಕೊಂಡು ಬಂದೀಯಲ್ಲೋ, ಕುತ್ತಿಗ್ಯಾಗ ಜ್ವಾಳಾ ಬಿತ್ತಬೌದು” ಎನ್ನುವಳು. ನಾನು ಚೀರುತ್ತಿದ್ದೆ, ಅಕ್ಕ ನಗುತ್ತಿದ್ದಳು. ಬಿಸಿನೀರು ಹೊಯ್ದರೆ ಕರಿ ನೀರು ಕಾಲುವೆ ಹಿಡಿದು ಹೋಗುತ್ತಿತ್ತು. ತಿಕ್ಕಿದರೆ ಮಣ್ಣು ಹೋಗುತ್ತಿತ್ತು. ಇದೊಂದು ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ಅವ್ವನಿಗೆ ನಿಜವಾದ ಚಿಂತೆ ಮಣ್ಣಿನದಲ್ಲ, ನನ್ನ ಮೈಯದು. ಅಂಗಿ ಬಿಚ್ಚಿದರೆ ನನ್ನ ಎದೆಯ ಎಲುಬು ಒಂದೊಂದೂ ಕಾಣುತ್ತಿದ್ದವು. ಬಾಜು ಮನೆಯ ಕಾಶವ್ವ ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ, “ಏನವ್ವಾ, ಹುಡುಗಗ ಊಟಾ ಹಾಕಂಗಿಲ್ಲೇನು?” ಎಂದು ಕೇಳುವಳು. ಅಂದ ದಿನ ಅವ್ವ ತಾನೂ ಉಣ್ಣುತ್ತಿರಲಿಲ್ಲ. ಆಮೇಲೆ ವಾರವಿಡೀ ಬಿಸಿ ರೊಟ್ಟಿಗೆ ಬೆಣ್ಣೆ, ಶೇಂಗಾ ಉಂಡೆ, ತುಪ್ಪದಲ್ಲಿ ಕಲಸಿದ ಬಾಳೆಹಣ್ಣು. ಅವ್ವ ಒಳಗೆ ಹೋದಾಗ ನಾನು ಅದನ್ನೆಲ್ಲ ಗ್ವಾದಲಿಯಲ್ಲಿ ಕಟ್ಟಿದ ಕರುವಿಗೆ ಹಾಕುತ್ತಿದ್ದೆ. ಆ ವರ್ಷ ಕರು ಬಹಳ ಚೆನ್ನಾಗಿ ಬೆಳೆಯಿತು.

ಕಾಶವ್ವನ ಆ ಪ್ರಶ್ನೆ ನನಗೆ ನಾಟಲಿಲ್ಲ, ಅಕ್ಕನಿಗೆ ನಾಟಿತು. ತನ್ನ ಮನೆಯ ಕೂಸಿಗೆ ಯಾರೂ ಹಾಗೆನ್ನಬಾರದು ಎಂದು ಅವಳು ಆಗಲೇ ನಿಶ್ಚಯಿಸಿರಬೇಕು. ಮದುವೆಯಾಗಿ ಗುಡಗೇರಿಗೆ ಹೋದಳು. ಅವ್ವ ತೀರಿದ ಮೇಲೆ ಮನೆಯಲ್ಲಿದ್ದ ಹಿತ್ತಾಳೆ ಪಾತ್ರೆ ಒಂದೂ ಬೇಡವೆಂದು, ಬಚ್ಚಲದ ಈ ಕಲ್ಲನ್ನು ಮಾತ್ರ ಸೀರೆಯಲ್ಲಿ ಸುತ್ತಿಕೊಂಡು ಒಯ್ದಳು.

ಈಗ ಒಂದು ಶಬ್ದದ ವಿಷಯ. ನಮ್ಮ ಕಡೆ ‘ತಬ್ಯೇತ’ ಎಂದರೆ ಆರೋಗ್ಯ. ‘ತಬ್ಯೇತ ಹೆಂಗೈತ್ರಿ’ ಎಂದು ಕೇಳಿಯೇ ನಾವು ಮಾತು ಶುರು ಮಾಡುವುದು. ಆದರೆ ‘ತಬ್ಯೇತ ಆಗೇತಿ’ ಎಂದರೆ ದಪ್ಪಗಾಗಿದ್ದಾನೆ ಎಂದೇ ಅರ್ಥ. ಆರೋಗ್ಯಕ್ಕೂ ಮೈ ಬರುವುದಕ್ಕೂ ನಾವು ಬೇರೆ ಬೇರೆ ಮಾತು ಇಟ್ಟುಕೊಳ್ಳಲಿಲ್ಲ. ತೆಳ್ಳಗಿದ್ದವನು ರೋಗಿ, ತುಂಬಿಕೊಂಡವನು ಗಟ್ಟಿ, ಅಷ್ಟೇ ಲೆಕ್ಕ.

ನಾನು ಪತ್ರಿಕೆ ಸೇರಿದ ಹೊಸತರಲ್ಲಿ ಈ ಶಬ್ದ ನಮ್ಮ ಕಚೇರಿಯಲ್ಲಿ ಒಂದು ಅವಾಂತರ ಮಾಡಿತ್ತು. ನವಲಗುಂದ ಕಡೆಯ ವರದಿಗಾರ ಸುದ್ದಿ ಹೇಳಲು ಫೋನ್ ಮಾಡಿದವನು, ಮಾತಿನ ನಡುವೆ ಅಲ್ಲಿನ ಒಂದು ಸಂಘದ ಅಧ್ಯಕ್ಷರ ಬಗ್ಗೆ, “ಅಧ್ಯಕ್ಷರಿಗೆ ಭಾಳ ತಬ್ಯೇತ ಆಗೇತ್ರಿ, ಕುರ್ಚಿ ಹಿಡೀವಲ್ದು” ಎಂದ. ಫೋನ್ ಹಿಡಿದಿದ್ದ ಉಪಸಂಪಾದಕ ಮೈಸೂರು ಕಡೆಯವನು. ಮರುದಿನ ‘ಅಧ್ಯಕ್ಷರು ತೀವ್ರ ಅಸ್ವಸ್ಥ’ ಎಂದು ಅಚ್ಚಾಯಿತು. ಹಣ್ಣು ಹಿಡಿದು ನೋಡಲು ಹೋದವರಿಗೆ ಅಧ್ಯಕ್ಷರು ಪಡಸಾಲೆಯಲ್ಲಿ ಕೂತು ಮಿರ್ಚಿ ಭಜಿ ತಿನ್ನುವುದು ಕಂಡಿತು. ನಾವು ಒಳಪುಟದ ಮೂಲೆಯಲ್ಲಿ ತಿದ್ದುಪಡಿ ಹಾಕಿದೆವು. ನಮ್ಮ ಸುದ್ದಿ ಸಂಪಾದಕರು ನನ್ನನ್ನು ಕರೆದು, “ಕೇಳಿದ್ದನ್ನ ಬರೀಬ್ಯಾಡ, ನೋಡಿದ್ದನ್ನೂ ಬರೀಬ್ಯಾಡ. ವಿಚಾರಿಸಿದ್ದನ್ನ ಬರಿ” ಎಂದರು. ತಪ್ಪು ನನ್ನದಾಗಿರಲಿಲ್ಲ. ಆದರೂ ಆ ಮಾತನ್ನು ಮೂವತ್ತು ವರ್ಷ ಪಾಲಿಸಿದೆ, ಒಂದು ಸಲ ಬಿಟ್ಟು.

ಆ ಒಂದು ಸಲ ಕುಂದಗೋಳದಲ್ಲಿ ಶಿಶು ಪ್ರದರ್ಶನವಿತ್ತು. ಒಂದು ಮಹಿಳಾ ಮಂಡಳದವರು ನಡೆಸಿದ್ದು. ಹದಿಮೂರು ವರ್ಷದ ಹಿಂದಿನ ಮಾತು. ವೇದಿಕೆಯ ಮೇಲೆ ತೂಕದ ಯಂತ್ರ, ಅದರ ಮೇಲೆ ಹಳದಿ ದುಪ್ಪಟಿ. ತಾಯಂದಿರು ಸಾಲಾಗಿ ಬಂದು ಕೂಸುಗಳನ್ನು ಮಲಗಿಸುವರು, ಒಬ್ಬರು ತೂಕ ಕೂಗುವರು, ಸಭೆ ಚಪ್ಪಾಳೆ ತಟ್ಟುವುದು. ಎಲ್ಲಕ್ಕಿಂತ ಭಾರದ ಕೂಸಿಗೆ ಬಹುಮಾನ. ಗೆದ್ದದ್ದು ನಮ್ಮ ಶಾಂತಕ್ಕನ ಮೊಮ್ಮಗಳು, ಹತ್ತು ತಿಂಗಳ ಅಕ್ಷತಾ. ಕೈಕಾಲಿನಲ್ಲಿ ಬಳೆ ತೊಟ್ಟಂತೆ ಮಡಿಕೆ, ಗದ್ದದ ಕೆಳಗೆ ಇನ್ನೊಂದು ಗದ್ದ. ನಾನೇ ಫೋಟೊ ತೆಗೆದೆ. ಕೆಳಗೆ ‘ಆರೋಗ್ಯದ ಪ್ರತಿರೂಪ’ ಎಂದು ಬರೆದೆ. ಯಾವ ಡಾಕ್ಟರನ್ನೂ ಕೇಳಲಿಲ್ಲ. ಕೂಸು ನನ್ನ ಅಕ್ಕನ ಮೊಮ್ಮಗಳು ಎಂದು ಕಚೇರಿಗೂ ಹೇಳಲಿಲ್ಲ.

ಅಕ್ಕ ಪತ್ರಿಕೆಯ ಆ ತುಣುಕನ್ನು ಕಟ್ಟು ಹಾಕಿಸಿ ದೇವರ ಜಗಲಿಯ ಮೇಲಿನ ಗೋಡೆಗೆ ತೂಗುಹಾಕಿದಳು. ಬಂದವರಿಗೆ ಮೊದಲು ನೀರು, ಆಮೇಲೆ ಆ ಫೋಟೊ. “ನಮ್ಮ ತಮ್ಮ ಪೇಪರಿನ್ಯಾಗ ಬರದಾನ” ಎನ್ನುವಳು.

ಅಕ್ಷತಾ ಅಕ್ಕನ ಕೈಯಲ್ಲೇ ಬೆಳೆದಳು. ತಾಯಿ ಸುಮಾ ಹುಬ್ಬಳ್ಳಿಯಲ್ಲಿ ನೌಕರಿ, ಬೆಳಗಿನ ರೈಲಿಗೆ ಹೋದರೆ ಸಂಜೆಯ ರೈಲಿಗೆ ಬರುವುದು. ತಂದೆ ಗೊಬ್ಬರದ ಅಂಗಡಿಯಲ್ಲಿ. ಶಾಲೆಗೆ ಬಾಗಿಲಿಗೇ ಬರುವ ವ್ಯಾನು. ಬಂದ ಕೂಡಲೇ ಕುರುಕಲಿನ ಪಾಕೀಟು, ಬೇಕರಿಯ ಕ್ರೀಮಿನ ಬನ್ನು, ಬಣ್ಣದ ತಂಪು ನೀರು, ಕೈಯಲ್ಲಿ ಮೊಬೈಲು. ಊಟಕ್ಕೆ ಕೂತರೆ ಅಕ್ಕನ ಸೌಟು ‘ಸಾಕು’ ಎಂದ ಮೇಲೆ ಇನ್ನೊಮ್ಮೆ ಬೀಳುವುದು. ಇದನ್ನೆಲ್ಲ ನಾನು ಹೋದಾಗಲೆಲ್ಲ ನೋಡಿದ್ದೇನೆ. ಆ ಇನ್ನೊಂದು ಸೌಟು ನನ್ನ ತಾಟಿಗೂ ಬಿದ್ದಿದೆ, ಬೇಡವೆನ್ನದೆ ಉಂಡಿದ್ದೇನೆ. ನನಗೆ ಅರವತ್ತಕ್ಕೆ ಸಕ್ಕರೆ ಬೇನೆ ಬಂತು. ಮಾತ್ರೆ ನುಂಗುತ್ತೇನೆ. ವಯಸ್ಸಿಗೆ ಬರುವುದು ಬಂತು ಎಂದುಕೊಂಡಿದ್ದೆ.

ಹೋದ ವರ್ಷ ಗುಡಗೇರಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಬಚ್ಚಲದಿಂದ ಹುಡುಗಿ ಚೀರಿದ್ದು ಕೇಳಿಸಿತು. ಆಟದ ಚೀರಾಟವಲ್ಲ. ಹಿಂದೆಯೇ ಅಕ್ಕನ ದನಿ.

“ನಿಂದ್ರ ಬೇ, ಸುಮ್ಮ ನಿಂದ್ರ! ಎಷ್ಟ ತಿಕ್ಕಿದ್ರೂ ಹೊಲಸು ಹೋಗವಲ್ದು. ಹೆಣ್ಣ ಹುಡುಗಿ ಆಗಿ ಕುತ್ತಿಗಿ ನೋಡು, ಹಂಚಿನ ತಳಾ ಆಗೇತಿ!”

ಅಕ್ಷತಾ ಟವೆಲ್ ಹೊದ್ದುಕೊಂಡು ಹೊರಗೆ ಬಂದಳು. ಹದಿಮೂರು ತುಂಬುತ್ತ ಬಂದ ಹುಡುಗಿ, ನನಗಿಂತ ಭಾರ. ಬಿಳಿ ಟವೆಲಿನ ಮೇಲೆ ರಕ್ತದ ಗೆರೆ ಕಂಡಿತು. ನಾನು ಚಹಾದ ಕಪ್ಪು ಕೆಳಗಿಟ್ಟೆ.

“ಏನಾತು ಇಲ್ಲಿ? ತೋರ್ಸು.”

ಅವಳು ಕೂದಲು ಎತ್ತಿದಳು. ಕುತ್ತಿಗೆಯ ಹಿಂದೆ ಮಡಿಕೆಗಳಲ್ಲಿ ದಪ್ಪನೆಯ ಕಪ್ಪು, ಮಖಮಲ್ಲಿನ ಹಾಗೆ. ಅದರ ನಡುವೆ ತೊಗಲು ಕಿತ್ತು ಕೆಂಪಾಗಿತ್ತು. ಅಕ್ಕ ಹಿಂದೆಯೇ ಬಂದು ನಿಂತಳು. ಅವಳ ಕೈಯಲ್ಲಿ ಅವ್ವನ ಕಲ್ಲಿತ್ತು.

“ರಕ್ತ ಬಂದೈತಲ್ಲ ಅಕ್ಕಾ!”

“ಮತ್ತೇನ ಮಾಡ್ಲೋ? ಶಾಲ್ಯಾಗ ಹುಡುಗ್ರು ‘ಜಳಕಾ ಮಾಡಂಗಿಲ್ಲೇನ ಬೇ’ ಅಂತ ಕೇಳ್ತಾವಂತ. ನನ್ನ ಮನಿ ಹುಡುಗಿ ಹೊಲಸ ಅನಿಸ್ಕೋಬೇಕೇನು?”

“ನಾ ದಿನಾ ಜಳಕಾ ಮಾಡ್ತೀನಿ ಅಜ್ಜಾ” ಎಂದಳು ಅಕ್ಷತಾ, ನೆಲ ನೋಡುತ್ತ. “ಎರಡ ಸಲಾ ಮಾಡ್ತೀನಿ.”

ಆಗ ನಾನೇನು ಮಾಡಿದೆ ಎಂಬುದನ್ನು ಬಿಡದೆ ದಾಖಲಿಸುತ್ತೇನೆ. ಕಲ್ಲು ಬೇಡ, ಕಡಲೆಹಿಟ್ಟಿಗೆ ನಿಂಬೆರಸ ಹಿಂಡಿ ಹಚ್ಚು ಎಂದು ಅಕ್ಕನಿಗೆ ಸಲಹೆ ಕೊಟ್ಟೆ. ಪುರವಣಿಯ ಸೌಂದರ್ಯ ಸಲಹೆಗಳನ್ನು ಎರಡು ವರ್ಷ ತಿದ್ದಿದವನು ನಾನು. ದನಿಯಲ್ಲಿ ಅನುಮಾನವೇ ಇರಲಿಲ್ಲ. ಹಸಿ ಗಾಯದ ಮೇಲೆ ನಿಂಬೆರಸ! ಪುಣ್ಯಕ್ಕೆ ಮನೆಯಲ್ಲಿ ನಿಂಬೆಹಣ್ಣು ಇರಲಿಲ್ಲ.

ಅದಾಗಿ ಕೆಲವು ದಿನಕ್ಕೆ ಅಕ್ಕ ಫೋನ್ ಮಾಡಿದಳು. ದನಿಯಲ್ಲಿ ಹಿಗ್ಗು.

“ಶಾಲಿಗೆ ಡಾಕ್ಟರ್ ಬಾಯಿ ಬಂದಿದ್ರಂತೋ. ಎಲ್ಲಾ ಹುಡುಗ್ರನ್ನೂ ನೋಡಿ ನಮ್ಮ ಅಕ್ಷತಾಗ ಒಬ್ಬಾಕಿಗೆ ‘ಅಗದಿ ತಬ್ಯೇತ ಆಗೇತವಾ, ಮನಿಯವರ್ನ ಕರ್ಕೊಂಡು ದವಾಖಾನಿಗೆ ಬಾ’ ಅಂದಾರ. ಚೀಟಿ ಬರದ ಕೊಟ್ಟಾರ. ಮತ್ತೇನರ ಬಹುಮಾನ ಐತೇನೋ?”

“ಇರಬೌದು” ಎಂದೆ. ನಾನು ಹಾಗೆಂದೆ. ಆ ಹೊತ್ತಿಗೆ ಟಿ.ವಿ. ನೋಡುತ್ತಿದ್ದೆ.

ಐದು ವಾರ ಬಿಟ್ಟು ಮತ್ತೆ ಗುಡಗೇರಿಗೆ ಹೋದಾಗ ಸಂತೆಯ ದಿನ. ಅಕ್ಕ ಕಾಯಿಪಲ್ಯೆ ತರಲು ಹೋಗಿದ್ದಳು. ಗೋಡೆಯ ಮೇಲಿನ ಫೋಟೊದ ಕಟ್ಟಿಗೆ ಒಂದು ಚೀಟಿ ಸಿಕ್ಕಿಸಿದ್ದು ಕಂಡಿತು. ಮಾನಪತ್ರ ಇಟ್ಟಂತೆ ಇಟ್ಟಿದ್ದಳು. ತೆಗೆದು ಓದಿದೆ. ಇಂಗ್ಲಿಷಿನಲ್ಲಿತ್ತು, ಡಾಕ್ಟರರ ಕೈಬರಹದಲ್ಲಿ. ಎರಡು ಸಲ ಓದಿದೆ. ವಯಸ್ಸಿಗೆ ತೂಕ ವಿಪರೀತ ಹೆಚ್ಚು, ರಕ್ತದೊತ್ತಡ ಹೆಚ್ಚು, ಕುತ್ತಿಗೆಯ ಮೇಲೆ ಕಪ್ಪು, ರಕ್ತದ ಸಕ್ಕರೆ ಕೂಡಲೇ ನೋಡಿಸತಕ್ಕದ್ದು. ‘ಕೂಡಲೇ’ ಎಂಬ ಶಬ್ದದ ಕೆಳಗೆ ಎರಡು ಗೆರೆ.

ಎಷ್ಟೋ ಅಪಘಾತ, ಎಷ್ಟೋ ಸಾವಿನ ಸುದ್ದಿ ಬರೆದವನು ನಾನು. ಆ ಚೀಟಿಯನ್ನು ಮಾತ್ರ ಮೂರನೆಯ ಸಲವೂ ಓದಿದೆ. ಚೀಟಿಯ ಹಿಂದೆ ಗೋಡೆಯ ಮೇಲೆ ನನ್ನದೇ ಅಕ್ಷರ: ‘ಆರೋಗ್ಯದ ಪ್ರತಿರೂಪ’.

ಮರುದಿನ ಅಕ್ಕ, ಅಕ್ಷತಾ, ನಾನು ದವಾಖಾನೆಗೆ ಹೋದೆವು. ಸುಮಾ ರಜೆ ಹಾಕಿ ಬಂದಿದ್ದಳು. ಡಾಕ್ಟರ್ ಶಬಾನಾ ನಮ್ಮ ಕುಂದಗೋಳದ ಹುಡುಗಿಯೇ. ಅವರ ತಂದೆ ಸಂತೆಯಲ್ಲಿ ಬಟ್ಟೆಯ ಗಂಟು ಬಿಚ್ಚಿ ಕೂರುತ್ತಿದ್ದುದು ನನಗೆ ನೆನಪಿದೆ. ಅವರು ಹುಡುಗಿಯ ಬೆರಳಿಗೆ ಸೂಜಿ ಚುಚ್ಚಿ ರಕ್ತದ ಹನಿ ತೆಗೆದರು. ಸಣ್ಣ ಯಂತ್ರದಲ್ಲಿ ಅಂಕಿ ಮೂಡಿತು. ಆ ಯಂತ್ರ ನನ್ನ ಮನೆಯಲ್ಲೂ ಇದೆ, ದಿನವೂ ನೋಡುತ್ತೇನೆ. ನನ್ನ ಯಂತ್ರದಲ್ಲಿ ಅಷ್ಟು ದೊಡ್ಡ ಅಂಕಿ ಎಂದೂ ಬಂದಿರಲಿಲ್ಲ.

“ಇನ್ನೊಂದೆರಡು ಪರೀಕ್ಷಾ ಮಾಡೂಣು. ಆದ್ರ ಇದು ಸಕ್ರಿ ಬ್ಯಾನಿ ಅಂತ ಕಾಣ್ತೈತ್ರಿ” ಎಂದರು ಡಾಕ್ಟರ್.

ಅಕ್ಕ ನಕ್ಕಳು. ನಿಜವಾಗಿಯೂ ನಕ್ಕಳು. “ಏನ್ ಮಾತಾಡ್ತೀರಿ ಬಾಯಾರ? ಅದು ನಮ್ಮಂಥ ಮುದುಕರ ಬ್ಯಾನಿ. ಇಕಿ ಇನ್ನೂ ಏಳನೇತ್ತಾ.”

“ಈಗ ಇಂಥಾ ಹುಡುಗ್ರೂ ಬರಾಕತ್ತಾರ್ರಿ ಆಯಿ. ಹಿಂಗ ಬಿಟ್ರ ಮುಂದ ಕಣ್ಣು, ಕಿಡ್ನಿ, ಹಾರ್ಟಿಗೆ ಹೋಗ್ತೈತಿ. ಚೀಟಿ ಕೊಟ್ಟು ಐದು ವಾರ ಆತು, ಯಾಕ ಬರಲಿಲ್ಲ?”

“ನೀವ ಹೇಳಿದ್ರಲ್ಲಾ, ‘ತಬ್ಯೇತ ಆಗೇತಿ’ ಅಂತ!” ಅಕ್ಕನ ದನಿ ಏರಿತು. “ತಬ್ಯೇತ ಆಗೇತಿ ಅಂದ್ರ ಚೊಲೋ ಆಗೇತಿ ಅಂತ ಅಲ್ಲೇನು? ನಿಮ್ಮ ಬಾಯಿಲೆ ಅಂದೀರಿ!”

ಡಾಕ್ಟರ್ ಪೆನ್ನು ಕೆಳಗಿಟ್ಟರು.

“ಬಾಜೂಕ ಹುಡುಗ್ರು ನಿಂತಿದ್ರು” ಎಂದರು. “‘ದಪ್ಪ ಆಗೀ’ ಅಂದ್ರ ನಗ್ತಾರ ಅಂತ ಆ ಮಾತು ಅಂದೆ. ನಮ್ಮಮ್ಮಾನೂ ಚೊಲೋ ಆಗೀ ಅನ್ನಾಕ ಹಿಂಗ ಅಂತಾರ್ರಿ. ನನಗ ಹೊಳೀಲಿಲ್ಲ.”

ಹುಡುಗಿಯ ಮನಸ್ಸು ನೋಯದಿರಲೆಂದು ಆಡಿದ ಮೃದು ಮಾತು ಐದು ವಾರ ತಿಂದಿತ್ತು. ನಾನು ಅಕ್ಷತಾಳ ಕಡೆ ತಿರುಗಿದೆ. “ಚೀಟಿ ಇಂಗ್ಲಿಷಿನ್ಯಾಗ ಇತ್ತು. ನೀ ಓದಿದ್ದೇನು?”

“ಓದಿದ್ದೆ ಅಜ್ಜಾ. ಪೂರಾ ತಿಳೀಲಿಲ್ಲ, ಶುಗರ್ ಅನ್ನೂದು ತಿಳದಿತ್ತು.”

“ಮತ್ತ ಹೇಳಬೇಕಿಲ್ಲೇನ ಬೇ!” ಎಂದಳು ಸುಮಾ.

“ಆಯಿ ಖುಷಿ ಆಗಿದ್ಲು” ಎಂದಳು ಹುಡುಗಿ, ಅಜ್ಜಿಯ ಕಡೆ ನೋಡಿ. “ಅದಕ್ಕ ಸುಮ್ಮನಾದೆ.”

ಡಾಕ್ಟರ್ ಎದ್ದು ಬಂದು ಹುಡುಗಿಯ ಕೂದಲು ಸರಿಸಿ ಕುತ್ತಿಗೆ ನೋಡಿದರು. “ಇದೇನು ಗಾಯ?” ಎಂದು ಕೇಳಿದರು. ಅಕ್ಕ ಇನ್ನೂ ಬಿಡದೆ ತಿಕ್ಕುತ್ತಿದ್ದ ಕಲ್ಲಿನ ವಿಷಯ ಹೇಳಿದಳು, ತಲೆ ಎತ್ತಿಯೇ ಹೇಳಿದಳು, ತಾನು ಮಾಡಬೇಕಾದದ್ದನ್ನೇ ಮಾಡಿದವಳಂತೆ.

“ಇದು ಹೊಲಸಲ್ಲರಿ ಆಯಿ. ಮೈಯಾಗ ಕೊಬ್ಬು ಹೆಚ್ಚಾಗಿ, ಸಕ್ರಿ ಪಚನ ಆಗೂ ಕೆಲಸ ಕೆಟ್ಟಾಗ ತೊಗಲು ಹಿಂಗ ಕಪ್ಪಾಗತೈತಿ. ಒಳಗಿಂದ ಬಂದದ್ದು. ಎಷ್ಟ ತಿಕ್ಕಿದ್ರೂ ಹೋಗೂದಲ್ಲ.”

ಆಗ ಅಕ್ಷತಾ ಡಾಕ್ಟರರ ಮುಖ ನೋಡಿ ಕೇಳಿದಳು:

“ಹಂಗಾರ ನಾ ಹೊಲಸ ಇಲ್ಲೇನ್ರಿ?”

ಸಕ್ಕರೆ ಬೇನೆ ಎಂದಾಗ ಅಳದ ಹುಡುಗಿ ಅದನ್ನು ಕೇಳಿ ಅತ್ತಳು. ಡಾಕ್ಟರ್ ಅವಳ ತಲೆಯ ಮೇಲೆ ಕೈ ಇಟ್ಟರು. ಅಕ್ಕನ ಕೈಗಳು ಮಡಿಲಲ್ಲಿ ತಿರುಗಿ ಅಂಗೈ ಮೇಲಾಗಿದ್ದವು. ಅವಳು ತನ್ನ ಅಂಗೈಗಳನ್ನೇ ನೋಡುತ್ತಿದ್ದಳು.

ಮುಂದಿನ ಪರೀಕ್ಷೆಗಳೂ ಅದನ್ನೇ ಹೇಳಿದವು. ಯಕೃತ್ತಿನಲ್ಲಿಯೂ ಕೊಬ್ಬು ಕೂತಿದೆ ಎಂದು ಹುಬ್ಬಳ್ಳಿಯ ಸ್ಕ್ಯಾನಿಂಗ್ ಕೂಡಿಸಿತು. ಮಾತ್ರೆ, ಊಟದ ಪಟ್ಟಿ, ದಿನಾ ನಡಿಗೆ. ಬೇಗ ಹಿಡಿದರೆ ಹತೋಟಿಗೆ ಬರುತ್ತದೆ ಎಂದರು. ಹುಡುಗಿಯನ್ನು ಉಪವಾಸ ಕೆಡವಬಾರದು, ಹಂಗಿಸಬಾರದು, ಮನೆಯವರೆಲ್ಲ ಅದೇ ಊಟ ಉಣ್ಣಬೇಕು ಎಂದರು. ಕೊನೆಯದೇ ಕಷ್ಟದ್ದು. ಊಟದ ಪಟ್ಟಿಯನ್ನು ಅಕ್ಕನಿಗೆ ನಾನು ಓದಿ ಹೇಳಿದೆ. “ಇದು ಊಟಲ್ಲೋ, ಜೇಲಿನ್ಯಾಗ ಕೊಡೂದು” ಎಂದಳು.

ಪಟ್ಟಿ ಓದಿದ ದಿನ ಸಂಜೆ ಗುಡಗೇರಿ ಸ್ಟೇಷನ್ನಿಗೆ ಹೊರಟಾಗ ಅಕ್ಕ ನನ್ನ ಚೀಲದಲ್ಲಿ ಏನೋ ಇಟ್ಟಳು. ರೈಲಿನಲ್ಲಿ ತೆಗೆದು ನೋಡಿದರೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಅವ್ವನ ಕಲ್ಲು. ಫೋನ್ ಮಾಡಿ ಯಾಕೆಂದು ಕೇಳಿದೆ.

“ಅವ್ವಂದು, ಹೊರಗ ಒಗೀಲಾರೆ. ಮನ್ಯಾಗ ಇಟ್ಕೊಳ್ಳಲಾರೆ. ನೀ ಇಟ್ಕೋ.”

“ಆ ಫೋಟೊನೂ ಕೊಟ್ಟಿದ್ರ ಚೊಲೋ ಇತ್ತು ಅಕ್ಕಾ. ಅದರಾಗ ನಾ ಬರದದ್ದು ತಪ್ಪೈತಿ.”

“ಅದು ಬ್ಯಾಡ. ಅದರಾಗ ಹುಡುಗಿ ನಗಾಕತ್ತಾಳ.”

ಕಟ್ಟಿನಲ್ಲಿ ಫೋಟೊ ಉಳಿಯಿತು. ಕೆಳಗಿನ ನನ್ನ ಸಾಲನ್ನು ಮಾತ್ರ ಅಕ್ಷತಾ ಕತ್ತರಿಯಿಂದ ಕತ್ತರಿಸಿ ತೆಗೆದಳಂತೆ. ನನ್ನ ಬರವಣಿಗೆಗೆ ಆದ ಅತ್ಯುತ್ತಮ ಸಂಪಾದನೆ ಅದು.

ಹೋದ ತಿಂಗಳು ಮತ್ತೆ ಹೋಗಿದ್ದೆ. ಅಕ್ಷತಾ ಈಗ ವ್ಯಾನು ಬಿಟ್ಟಿದ್ದಾಳೆ. ಶಾಲೆಗೆ ಅಜ್ಜಿ ಮೊಮ್ಮಗಳು ಜೊತೆಗೇ ನಡೆಯುತ್ತಾರೆ, ಮೊಣಕಾಲು ನೋವೆಂದು ದಾರಿಯುದ್ದಕ್ಕೂ ಅಜ್ಜಿ ಬೈಯುತ್ತಾಳಂತೆ. ಹುಡುಗಿ ಎತ್ತರವಾಗಿದ್ದಾಳೆ, ಮುಖ ಸ್ವಲ್ಪ ಇಳಿದಿದೆ. ಯಂತ್ರದ ಅಂಕಿ ಕೆಲವು ದಿನ ಇಳಿಯುತ್ತದೆ, ಕೆಲವು ದಿನ ಇಳಿಯುವುದಿಲ್ಲ. ಕುತ್ತಿಗೆಯ ಗಾಯ ಮಾಯ್ದಿದೆ. ಕಪ್ಪು ಹಾಗೇ ಇದೆ.

ಅಂದು ಅಕ್ಕನ ಬೀಗರ ಕಡೆಯ ಹೆಣ್ಣುಮಗಳೊಬ್ಬಳು ಬಂದಿದ್ದಳು. ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದಿದ್ದಳು. ಅಕ್ಷತಾ ಒಂದು ಹೋಳಿಗೆಯ ಕಾಲು ಭಾಗ ಮುರಿದುಕೊಂಡು ಡಬ್ಬಿ ಸರಿಸಿದಳು. ಬಂದಾಕೆ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, ಪಡಸಾಲೆಗೆಲ್ಲ ಕೇಳುವಂತೆ, “ಎಷ್ಟ ಸೊರಗ್ಯಾಳಲ್ಲ! ಏನವ್ವಾ ಶಾಂತವ್ವಾ, ಹುಡುಗಿಗೆ ಊಟಾ ಹಾಕಂಗಿಲ್ಲೇನು?” ಎಂದಳು.

ನಾನು ಅಕ್ಕನ ಮುಖ ನೋಡಿದೆ. ಕಾಶವ್ವ ಸತ್ತು ಎಷ್ಟೋ ಕಾಲವಾಯಿತು. ಅದೇ ಮಾತು, ಅದೇ ದನಿ. ಅಕ್ಕನ ಕೈ ಹೋಳಿಗೆಯ ಡಬ್ಬಿಯ ಮೇಲೆ ಹೋಯಿತು. ಅಕ್ಷತಾ ಅಜ್ಜಿಯ ಕೈಯನ್ನೇ ನೋಡುತ್ತಿದ್ದಳು.

ಅಕ್ಕ ಡಬ್ಬಿಯ ಮುಚ್ಚಳ ಹಾಕಿದಳು.

“ಹೂನವ್ವಾ” ಎಂದಳು, “ಹಾಕಂಗಿಲ್ಲ.”

ಆಮೇಲೆ ಮೊಮ್ಮಗಳ ಹಿಂದೆ ಹೋಗಿ ನಿಂತು, ಸೆರಗಿನ ತುದಿಯಿಂದ ಅವಳ ಕುತ್ತಿಗೆಯ ಬೆವರನ್ನು ಒತ್ತಿ ಒತ್ತಿ ಒರೆಸಿದಳು. ತಿಕ್ಕಲಿಲ್ಲ.